ಸೋಮವಾರದ ಅಳುಕಿಗೆ ಶುಕ್ರವಾರದಲ್ಲೇ ಮದ್ದು

ಭಾನುವಾರ ಸಂಜೆಯ ಹೊತ್ತಿಗೆ ಮೆಲ್ಲನೆ ಆವರಿಸುವ ಅಳುಕಿಗೆ ಕಾರಣವೇನೆಂದು ಕೇಳಿದರೆ ಹೆಚ್ಚಿನವರು ‘ನಾಳೆ ಮತ್ತೆ ಕೆಲಸಕ್ಕೆ ಹೋಗಬೇಕಲ್ಲ’ ಎನ್ನುತ್ತಾರೆಯೇ ಹೊರತು, ನಾಳೆಯ ಯಾವ ಕೆಲಸ, ಯಾರ ಮಾತು, ಯಾವ ಗಂಟೆ ತಮ್ಮನ್ನು ಹೆದರಿಸುತ್ತಿದೆ ಎಂದು ಬಿಡಿಸಿ ಹೇಳಲಾರರು. ಹೊಟ್ಟೆಯಲ್ಲಿ ಸಣ್ಣ ಸಂಕಟ, ಓದುತ್ತಿರುವ ಪುಟದ ಮೇಲೆ ನಿಲ್ಲದ ಗಮನ, ಮನೆಯವರು ಕೇಳಿದ ಮಾತಿಗೆ ಸಿಡುಕಿನ ಉತ್ತರ, ರಾತ್ರಿ ಹಾಸಿಗೆಯಲ್ಲಿ ಹೊರಳಾಟ ಇವೆಲ್ಲ ಸೇರಿ ರಜೆಯ ಅರ್ಧ ದಿನ ಕೈಬಿಟ್ಟುಹೋಗುತ್ತದೆ. ಇದು ಈ ಕಾಲದವರ ಮೈಗಳ್ಳತನವೇನೂ ಅಲ್ಲ. ಹಂಗೇರಿಯ ಮನೋವಿಶ್ಲೇಷಕ ಶಾಂದೋರ್ ಫೆರೆಂತ್ಸಿ ಅವರು, ವಾರವಿಡೀ ಚೆನ್ನಾಗಿದ್ದು ಭಾನುವಾರ ಬಂತೆಂದರೆ ತಲೆನೋವು, ಹೊಟ್ಟೆಯ ತೊಂದರೆಗಳಿಂದ ಬಳಲುತ್ತಿದ್ದ ರೋಗಿಗಳ ಬಗ್ಗೆ 1919ರಲ್ಲೇ ಬರೆದಿದ್ದರು.

ಈ ಅಳುಕಿಗೆ ಸಾಮಾನ್ಯವಾಗಿ ಸಿಗುವ ಸಲಹೆಗಳು ಭಾನುವಾರ ರಾತ್ರಿಗೆ ಸಂಬಂಧಿಸಿದವು: ಬಿಸಿನೀರಿನ ಸ್ನಾನ, ಹಿತವಾದ ಸಂಗೀತ, ಬೇಗನೆ ಮಲಗುವುದು. ಅವು ತಪ್ಪು ಸಲಹೆಗಳಲ್ಲ, ಆದರೆ ತಡವಾಗಿ ಬರುವ ಸಲಹೆಗಳು. ಭಾನುವಾರ ಕಾಡುವ ಅಳುಕಿನ ದೊಡ್ಡ ಪಾಲು ಶುಕ್ರವಾರ ಮಧ್ಯಾಹ್ನ ಕೆಲಸವನ್ನು ಹೇಗೆ ಬಿಟ್ಟು ಬಂದೆವು ಎಂಬುದರಿಂದ ಹುಟ್ಟುತ್ತದೆ. ಆದ್ದರಿಂದ ಪರಿಹಾರವೂ ಅಲ್ಲಿಂದಲೇ ಆರಂಭವಾಗಬೇಕು ಎಂಬುದು ಇಲ್ಲಿನ ನಿಲುವು. ಪಾಳಿಯಲ್ಲಿ ದುಡಿಯುವವರು, ವಾರದ ರಜೆ ಬೇರೆ ದಿನ ಇರುವವರು ಶುಕ್ರವಾರ, ಭಾನುವಾರ, ಸೋಮವಾರ ಎಂದಿರುವಲ್ಲೆಲ್ಲ ತಮ್ಮ ಕೆಲಸದ ಕೊನೆಯ ದಿನ, ರಜೆಯ ಕೊನೆಯ ದಿನ, ಮರಳಿ ಹೋಗುವ ದಿನ ಎಂದು ಓದಿಕೊಳ್ಳಬಹುದು.

ಮೊದಲು ಅಳೆದು ನೋಡಿ

ಸೋಮವಾರವೇ ವಾರದ ಅತಿ ಕೆಟ್ಟ ದಿನ ಎಂಬ ಮಾತನ್ನು ನಾವು ಪ್ರಶ್ನಿಸದೆ ಒಪ್ಪಿಕೊಂಡಿದ್ದೇವೆ. ಆರ್ಥರ್ ಸ್ಟೋನ್ ಮತ್ತು ಸಂಗಡಿಗರು ಅಮೆರಿಕದ ಸುಮಾರು 3,40,000 ಜನರ ದಿನನಿತ್ಯದ ಮನಃಸ್ಥಿತಿಯ ಸಮೀಕ್ಷೆಯನ್ನು ಪರಿಶೀಲಿಸಿ 2012ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ವಾರಾಂತ್ಯ ಮತ್ತು ಶುಕ್ರವಾರ ಜನರ ಮನಸ್ಸು ಹಗುರವಾಗಿರುವುದು ಸ್ಪಷ್ಟವಾಗಿ ಕಂಡಿತು. ಆದರೆ ಸೋಮವಾರಕ್ಕೂ ಮಂಗಳ, ಬುಧ, ಗುರುವಾರಗಳಿಗೂ ನಡುವೆ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಅಂದರೆ ಸೋಮವಾರ ಉಳಿದ ಕೆಲಸದ ದಿನಗಳಂಥದ್ದೇ ಒಂದು ದಿನ. ಅದು ಹೆಚ್ಚು ಕಹಿಯೆನಿಸುವುದು ಅದರ ಮಗ್ಗುಲಲ್ಲೇ ಭಾನುವಾರ ಇರುವುದರಿಂದ. ಇದರ ಜೊತೆಗೆ, ಮುಂದೆ ನಡೆಯಲಿರುವುದು ನಮ್ಮನ್ನು ಎಷ್ಟು ನೋಯಿಸೀತು, ಎಷ್ಟು ಹೊತ್ತು ನೋಯಿಸೀತು ಎಂದು ಊಹಿಸುವಾಗ ಮನುಷ್ಯರು ಸಾಮಾನ್ಯವಾಗಿ ಹೆಚ್ಚಾಗಿಯೇ ಊಹಿಸುತ್ತಾರೆ ಎಂಬುದನ್ನು ಡೇನಿಯಲ್ ಗಿಲ್ಬರ್ಟ್ ಮತ್ತು ತಿಮೊಥಿ ವಿಲ್ಸನ್ ಅವರ ಸಂಶೋಧನೆಗಳು ತೋರಿಸಿವೆ.

ಆದರೆ ಸಮೀಕ್ಷೆಯ ಸರಾಸರಿ ನಿಮ್ಮ ಸೋಮವಾರದ ಬಗ್ಗೆ ಏನನ್ನೂ ಹೇಳುವುದಿಲ್ಲ. ಅದನ್ನು ನೀವೇ ತಿಳಿದುಕೊಳ್ಳಬೇಕು, ಮತ್ತು ಅದಕ್ಕೆ ಬೇಕಾಗುವುದು ಒಂದು ಸಣ್ಣ ನೋಟ್‌ಬುಕ್ ಮಾತ್ರ. ಭಾನುವಾರ ಸಂಜೆ, ನಾಳೆಯ ದಿನ ಎಷ್ಟು ಕೆಟ್ಟದಾಗಿರಬಹುದು ಎಂಬುದಕ್ಕೆ ಸೊನ್ನೆಯಿಂದ ಹತ್ತರೊಳಗೆ ಒಂದು ಅಂಕ ಬರೆಯಿರಿ. ಸೋಮವಾರ ಮಧ್ಯಾಹ್ನ, ದಿನ ನಿಜವಾಗಿ ಎಷ್ಟು ಕೆಟ್ಟದಾಗಿತ್ತು ಎಂಬುದಕ್ಕೆ, ಹಿಂದಿನ ಅಂಕವನ್ನು ನೋಡದೆ, ಇನ್ನೊಂದು ಅಂಕ ಬರೆಯಿರಿ. ನಾಲ್ಕು ವಾರ ಹೀಗೆ ಮಾಡಿದರೆ ಎರಡರಲ್ಲೊಂದು ಚಿತ್ರ ಮೂಡುತ್ತದೆ. ಭಾನುವಾರದ ಅಂಕ ಎಂಟು, ಸೋಮವಾರದ್ದು ನಾಲ್ಕು ಎಂಬಂತಿದ್ದರೆ ತೊಂದರೆಯ ಮೂಲ ಎದುರುನೋಟದಲ್ಲಿದೆ. ಮುಂದಿನ ಕ್ರಮಗಳು ಬಹಳ ಮಟ್ಟಿಗೆ ಸಾಕಾಗುತ್ತವೆ. ಎರಡೂ ಎಂಟೇ ಆಗಿದ್ದರೆ ನಿಮ್ಮ ಮನಸ್ಸು ಸುಳ್ಳು ಹೇಳುತ್ತಿಲ್ಲ, ಕೆಲಸದಲ್ಲೇ ಏನೋ ಸರಿಯಿಲ್ಲ. ಅಂಥವರು ಕೊನೆಯ ಭಾಗವನ್ನು ಮೊದಲು ಓದುವುದು ಒಳ್ಳೆಯದು.

ಶುಕ್ರವಾರದ ಕೊನೆಯ ಅರ್ಧ ಗಂಟೆ

ಬರ್ಲಿನ್‌ನಲ್ಲಿ ಮನೋವಿಜ್ಞಾನಿ ಕುರ್ಟ್ ಲೆವಿನ್ ಅವರ ಬಳಿ ಅಧ್ಯಯನ ಮಾಡುತ್ತಿದ್ದ ಬ್ಲೂಮಾ ಝೈಗಾರ್ನಿಕ್ ಅವರು, ಅರ್ಧಕ್ಕೆ ನಿಂತ ಕೆಲಸಗಳು ಮುಗಿದ ಕೆಲಸಗಳಿಗಿಂತ ಹೆಚ್ಚು ನೆನಪಿನಲ್ಲಿ ಉಳಿಯುತ್ತವೆ ಎಂದು 1927ರಲ್ಲಿ ಪ್ರಕಟಿಸಿದರು. ನೆನಪಿನ ಕುರಿತಾದ ಈ ಫಲಿತಾಂಶ ಆಮೇಲಿನ ಪ್ರಯೋಗಗಳಲ್ಲಿ ಎಲ್ಲ ಕಡೆಯೂ ಮರಳಿ ಸಿಕ್ಕಿಲ್ಲವಾದರೂ, ಅದೇ ಗುಂಪಿನ ಮಾರಿಯಾ ಒವ್ಸ್ಯಾಂಕಿನಾ 1928ರಲ್ಲಿ ತೋರಿಸಿದ ಸಂಗತಿ ಹೆಚ್ಚು ಗಟ್ಟಿಯಾಗಿ ನಿಂತಿದೆ: ನಡುವೆ ತಡೆದ ಕೆಲಸಕ್ಕೆ ಜನ ಯಾರೂ ಹೇಳದಿದ್ದರೂ ತಾವಾಗಿಯೇ ಮರಳುತ್ತಾರೆ. ಶುಕ್ರವಾರ ಸಂಜೆ ಲ್ಯಾಪ್‌ಟಾಪ್ ಮುಚ್ಚಿ ಎದ್ದುಬಂದವರ ಮನಸ್ಸು ಶನಿವಾರ ಮಧ್ಯಾಹ್ನ ಮತ್ತೆ ಆ ಕಡತದ ಸುತ್ತ ಸುಳಿಯುವುದು ಅವರ ದೌರ್ಬಲ್ಯವಲ್ಲ. ಮನಸ್ಸಿನ ಸ್ವಭಾವವೇ ಹಾಗೆ.

ಹಾಗಾದರೆ ಎಲ್ಲವನ್ನೂ ಮುಗಿಸಿಯೇ ಏಳಬೇಕೆ? ಯಾವ ಕೆಲಸದಲ್ಲೂ ಅದು ಸಾಧ್ಯವಿಲ್ಲ. ಅದರ ಅಗತ್ಯವೂ ಇಲ್ಲ ಎಂಬುದೇ ಸಮಾಧಾನದ ಸಂಗತಿ. ಮಾಸಿಕಾಂಪೊ ಮತ್ತು ರಾಯ್ ಬಾಮೈಸ್ಟರ್ 2011ರಲ್ಲಿ ಪ್ರಕಟಿಸಿದ ಪ್ರಯೋಗಗಳ ಪ್ರಕಾರ, ಬಾಕಿ ಉಳಿದ ಗುರಿಯೊಂದನ್ನು ಯಾವಾಗ, ಹೇಗೆ ಪೂರೈಸುತ್ತೇವೆ ಎಂಬ ನಿರ್ದಿಷ್ಟ ಯೋಜನೆ ಮಾಡಿಕೊಂಡರೆ, ಆ ಗುರಿ ಇನ್ನೂ ಪೂರೈಸದಿದ್ದರೂ ಅದರ ಬಗೆಗಿನ ಯೋಚನೆಗಳ ಕಾಟ ಕಡಿಮೆಯಾಗುತ್ತದೆ. ಇಲ್ಲಿ ಮುಖ್ಯವಾದದ್ದು ಯೋಜನೆಯ ನಿರ್ದಿಷ್ಟತೆ. ‘ಸೋಮವಾರ: ವರದಿ’ ಎಂದು ಗೀಚಿಟ್ಟು ಬಂದರೆ ಆ ಎರಡು ಪದಗಳೇ ಎರಡು ದಿನ ತಲೆಯಲ್ಲಿ ಸುತ್ತುತ್ತವೆ, ಏಕೆಂದರೆ ವರದಿಯಲ್ಲಿ ಏನು ಮಾಡಬೇಕೆಂಬುದನ್ನು ಅವು ಹೇಳುವುದಿಲ್ಲ. ಅದರ ಬದಲು ಹೀಗೆ ಬರೆಯಬಹುದು:

‘ವರದಿಯ ಮೂರನೆಯ ಭಾಗದವರೆಗೆ ಮುಗಿದಿದೆ. ಪ್ರಯಾಣ ವೆಚ್ಚದ ಮೊತ್ತ ಕೋಷ್ಟಕದಲ್ಲಿ ಒಂದು, ಒಟ್ಟು ಲೆಕ್ಕದಲ್ಲಿ ಇನ್ನೊಂದು ಇದೆ. ಸೋಮವಾರ 9.30ಕ್ಕೆ ಕೋಷ್ಟಕ ತೆರೆದು ಜೂನ್ ತಿಂಗಳ ಸಾಲುಗಳನ್ನು ಮಾತ್ರ ತಾಳೆ ನೋಡುವುದು. ತಾಳೆಯಾಗದಿದ್ದರೆ 10.30ಕ್ಕೆ ಲೆಕ್ಕ ವಿಭಾಗವನ್ನು ಕೇಳುವುದು. ನಾಲ್ಕನೆಯ ಭಾಗ ಮಂಗಳವಾರಕ್ಕೆ.’

ಈ ಟಿಪ್ಪಣಿಯಲ್ಲಿ ಕೆಲಸ ಎಲ್ಲಿಗೆ ನಿಂತಿದೆ, ಮರಳಿ ಬಂದಾಗ ಕೈ ಮೊದಲು ಎಲ್ಲಿ ಇಡಬೇಕು, ಅಡ್ಡಿ ಬಂದರೆ ಯಾರನ್ನು ಕೇಳಬೇಕು, ಸೋಮವಾರ ಏನನ್ನು ಮುಟ್ಟಬೇಕಾಗಿಲ್ಲ ಎಂಬ ನಾಲ್ಕೂ ಇವೆ. ಕೊನೆಯದನ್ನು ಹೆಚ್ಚಿನವರು ಬರೆಯುವುದಿಲ್ಲ, ಆದರೆ ನನ್ನ ಅಭಿಪ್ರಾಯದಲ್ಲಿ ಮನಸ್ಸನ್ನು ಹೆಚ್ಚು ಹಗುರಗೊಳಿಸುವುದು ಅದೇ. ಸೋಮವಾರದ ಮೊದಲ ಕೆಲಸವನ್ನು ಆರಿಸುವಾಗ ವಾರದ ಅತ್ಯಂತ ಕಠಿಣ ಕೆಲಸವನ್ನು ಅಲ್ಲಿ ಇಡಬೇಡಿ. ಕಷ್ಟದ್ದನ್ನು ಮೊದಲು ಮುಗಿಸಬೇಕೆಂಬ ನಿಯಮ ಉಳಿದ ದಿನಗಳಿಗೆ ಸರಿ. ಆದರೆ ಅಳುಕಿನಿಂದಲೇ ದಿನ ಆರಂಭಿಸುವವರಿಗೆ, ಅರ್ಧ ಗಂಟೆಯೊಳಗೆ ಖಚಿತವಾಗಿ ಮುಗಿಯುವ, ಮುಗಿದದ್ದು ಕಣ್ಣಿಗೆ ಕಾಣುವ ಕೆಲಸವೇ ಒಳ್ಳೆಯ ಆರಂಭ.

ಇನ್ನು ಟಿಪ್ಪಣಿಗೂ ಬಗ್ಗದ ಒಂದು ಬಗೆಯ ಬಾಕಿ ಇರುತ್ತದೆ. ಅದು ಬೇಕೆಂದೇ ತೆರೆಯದೆ ಬಿಟ್ಟ ಇಮೇಲ್, ಕೊಡಲು ಹಿಂಜರಿದ ಉತ್ತರ, ತಡವಾಗಿದೆ ಎಂದು ಹೇಳದೆ ಮುಚ್ಚಿಟ್ಟ ಕೆಲಸ. ಭಾನುವಾರದ ಅಳುಕನ್ನು ಬಗೆದು ನೋಡಿದರೆ ಅದರ ತಳದಲ್ಲಿ ಇಂಥದ್ದೊಂದು ಸಿಗುವ ಸಾಧ್ಯತೆ ಹೆಚ್ಚು. ಪೂರ್ತಿ ಉತ್ತರ ಬರೆಯುವ ಶಕ್ತಿ ಶುಕ್ರವಾರ ಸಂಜೆ ಇಲ್ಲದಿದ್ದರೂ ಒಂದು ಸಾಲು ಬರೆಯಬಹುದು: ‘ನಿಮ್ಮ ಪತ್ರ ತಲುಪಿದೆ. ಕೆಲಸ ನಾನು ಅಂದುಕೊಂಡದ್ದಕ್ಕಿಂತ ನಿಧಾನವಾಗಿದೆ; ಮಂಗಳವಾರ ಸಂಜೆಯೊಳಗೆ ಪೂರ್ಣ ವಿವರ ಕಳಿಸುತ್ತೇನೆ.’ ಎರಡು ನಿಮಿಷದ ಈ ಕೆಲಸದಿಂದ ಸೋಮವಾರ ಬೆಳಗ್ಗೆ ‘ಎಲ್ಲಿದೆ?’ ಎಂಬ ಪ್ರಶ್ನೆಗೆ ಸಿಕ್ಕಿಬೀಳುವ ಭಯ ಹೋಗುತ್ತದೆ. ಎದುರಿನವರಿಗೂ ತಮ್ಮ ದಿನವನ್ನು ಹೊಂದಿಸಿಕೊಳ್ಳಲು ಅವಕಾಶ ಸಿಗುತ್ತದೆ. ಆದರೆ ವಾದಕ್ಕೆ ಎಡೆಮಾಡುವ ಪತ್ರವನ್ನು ಶುಕ್ರವಾರ ಸಂಜೆ ಕಳಿಸಬೇಡಿ. ಅದಕ್ಕೆ ಬರಬಹುದಾದ ಮಾರುತ್ತರವನ್ನು ಊಹಿಸುತ್ತಲೇ ಎರಡು ದಿನ ಕಳೆದುಹೋಗುತ್ತವೆ.

ಏಳುವ ಮುನ್ನ ಸೋಮವಾರದ ಕ್ಯಾಲೆಂಡರ್ ಮೇಲೊಮ್ಮೆ ಕಣ್ಣಾಡಿಸಿ. ಬೆಳಗ್ಗೆಯೇ ಇಟ್ಟಿರುವ ಮೀಟಿಂಗ್ ಒಂದನ್ನು ಮಧ್ಯಾಹ್ನಕ್ಕೋ ಮಂಗಳವಾರಕ್ಕೋ ಸರಿಸಬಹುದೇ ಎಂದು ಕೇಳಲು ಶುಕ್ರವಾರ ತಕ್ಕ ಸಮಯ. ಭಾನುವಾರ ರಾತ್ರಿ ಕೇಳಿದರೆ ಅದು ತಪ್ಪಿಸಿಕೊಳ್ಳುವ ಪ್ರಯತ್ನದಂತೆ ಕಾಣುತ್ತದೆ.

ವಾರಾಂತ್ಯದ ನಿದ್ದೆ

ಸೋಮವಾರ ಬೆಳಗಿನ ಸಂಕಟದಲ್ಲಿ ಮನಸ್ಸಿನ ಪಾಲೆಷ್ಟು, ದೇಹದ ಪಾಲೆಷ್ಟು ಎಂದು ಬೇರ್ಪಡಿಸಿ ನೋಡುವವರು ಕಡಿಮೆ. ಕೆಲಸದ ದಿನಗಳಲ್ಲಿ ರಾತ್ರಿ ಹನ್ನೊಂದಕ್ಕೆ ಮಲಗಿ ಆರೂವರೆಗೆ ಏಳುವವರು, ಶುಕ್ರ ಮತ್ತು ಶನಿವಾರ ರಾತ್ರಿ ಒಂದೂವರೆಗೆ ಮಲಗಿ ಒಂಬತ್ತೂವರೆಗೆ ಎದ್ದರೆ, ದೇಹದೊಳಗಿನ ಗಡಿಯಾರದ ದೃಷ್ಟಿಯಲ್ಲಿ ಅವರು ಎರಡು ದಿನದ ಮಟ್ಟಿಗೆ ಬೇರೊಂದು ಕಾಲವಲಯದಲ್ಲಿ ಬದುಕಿದಂತೆ. ಇದನ್ನು ‘ಸೋಷಿಯಲ್ ಜೆಟ್‌ಲ್ಯಾಗ್’ ಎಂದು ಜರ್ಮನಿಯ ಟಿಲ್ ರೊಯೆನ್ನೆಬರ್ಗ್ ಮತ್ತು ಸಹೋದ್ಯೋಗಿಗಳು 2006ರಲ್ಲಿ ಕರೆದರು. ಮನುಷ್ಯನ ಒಳಗಡಿಯಾರದ ಒಂದು ಸುತ್ತು ಸರಾಸರಿಯಲ್ಲಿ 24 ಗಂಟೆಗಿಂತ ತುಸು ಉದ್ದವಾಗಿರುವುದರಿಂದ ಅದನ್ನು ತಡಮಾಡುವುದು ಸುಲಭ, ಹಿಂದಕ್ಕೆ ಎಳೆಯುವುದು ಕಷ್ಟ. ಆದ್ದರಿಂದಲೇ ಭಾನುವಾರ ರಾತ್ರಿ ಹನ್ನೊಂದಕ್ಕೆ ಶಿಸ್ತಾಗಿ ಮಲಗಿದರೂ ನಿದ್ದೆ ಹತ್ತಿರ ಸುಳಿಯುವುದಿಲ್ಲ. ಬರದ ನಿದ್ದೆಯ ಖಾಲಿ ಜಾಗವನ್ನು ನಾಳೆಯ ಯೋಚನೆಗಳು ತುಂಬಿಕೊಳ್ಳುತ್ತವೆ. ಆಗ ಯೋಚನೆಗಳಿಂದಲೇ ನಿದ್ದೆ ಕೆಟ್ಟಿತೆಂದು ನಾವು ತಿಳಿಯುತ್ತೇವೆ, ಕ್ರಮ ಎಷ್ಟೋ ಸಲ ಅದಲುಬದಲಾಗಿದ್ದರೂ.

ವಾರಾಂತ್ಯದಲ್ಲೂ ಏಳುವ ಸಮಯ ಕೆಲಸದ ದಿನಕ್ಕಿಂತ ಒಂದು ಗಂಟೆಗಿಂತ ಹೆಚ್ಚು ತಡವಾಗದಂತೆ ನೋಡಿಕೊಳ್ಳುವುದು ಇದಕ್ಕೆ ಸರಳವಾದ ಉಪಾಯ. ಮಲಗುವ ಸಮಯಕ್ಕಿಂತ ಏಳುವ ಸಮಯವೇ ನಮ್ಮ ಕೈಯಲ್ಲಿ ಹೆಚ್ಚು ಇರುವುದು. ನಿದ್ದೆಯ ಬಾಕಿ ತೀರಿಸಲೇಬೇಕಿದ್ದರೆ ಶನಿವಾರ ಮಧ್ಯಾಹ್ನ ಸ್ವಲ್ಪ ಹೊತ್ತು ಮಲಗಬಹುದು, ಭಾನುವಾರ ಬೇಡ. ಭಾನುವಾರ ಬೆಳಗ್ಗೆ ಎದ್ದ ಕೂಡಲೇ ಹೊರಗಿನ ಬೆಳಕಿಗೆ ಮೈಯೊಡ್ಡಿದರೆ ಒಳಗಡಿಯಾರ ತುಸು ಮುಂಚಿತವಾಗಿ ಓಡಲು ನೆರವಾಗುತ್ತದೆ. ಆರೋಗ್ಯವಂತ ವಯಸ್ಕರ ದೇಹದಲ್ಲಿ ಕೆಫೀನ್ ಪ್ರಮಾಣ ಅರ್ಧಕ್ಕೆ ಇಳಿಯಲು ಸುಮಾರು 5 ಗಂಟೆ ಬೇಕು. ಹೀಗಾಗಿ ಭಾನುವಾರ ಸಂಜೆ ಆರಕ್ಕೆ ಕುಡಿದ ಕಾಫಿಯ ಅರ್ಧ ಭಾಗ ರಾತ್ರಿ ಹನ್ನೊಂದಕ್ಕೂ ಒಳಗೇ ಇರುತ್ತದೆ.

ಭಾನುವಾರ ಸಂಜೆ

ಅಳುಕು ಆವರಿಸುವ ಹೊತ್ತಿಗೆ ಅದನ್ನು ಮರೆಯಲು ಫೋನ್ ಹಿಡಿಯುವುದಕ್ಕಿಂತ ಕಾಗದದ ಮೇಲೆ ಇಳಿಸುವುದು ಮೇಲು. ಹದಿನೈದು ನಿಮಿಷ ಸಾಕು. ‘ಸೋಮವಾರ’ ಎಂದು ಬರೆದು ನಿಲ್ಲಿಸದೆ ‘ಅದರಲ್ಲಿ ಏನು?’ ಎಂದು ಮೂರ್ನಾಲ್ಕು ಸಲ ಕೇಳಿಕೊಳ್ಳಬೇಕು. ಉದಾಹರಣೆಗೆ: ಸೋಮವಾರ; ಅದರಲ್ಲಿ ಬೆಳಗಿನ ಮೀಟಿಂಗ್; ಅದರಲ್ಲಿ ಒಬ್ಬೊಬ್ಬರೂ ವಾರದ ಕೆಲಸ ಹೇಳುವ ಸರದಿ; ಅದರಲ್ಲಿ, ಕಳೆದ ವಾರ ಹೇಳಿದ್ದನ್ನು ನಾನು ಮಾಡಿಲ್ಲ ಎಂಬುದು ಎಲ್ಲರೆದುರು ಬಯಲಾಗುವುದು. ಇಲ್ಲಿಗೆ ಬಂದಾಗ, ಇಡೀ ದಿನವನ್ನು ಆವರಿಸಿದ್ದ ಅಳುಕು ವಾಸ್ತವದಲ್ಲಿ ಎರಡು ನಿಮಿಷದ ಒಂದು ಸಂದರ್ಭದ್ದು ಎಂದು ತಿಳಿಯುತ್ತದೆ. ಆ ಎರಡು ನಿಮಿಷಕ್ಕೆ ಮಾತು ಸಿದ್ಧಪಡಿಸಿಕೊಳ್ಳಬಹುದು: ‘ಕಳೆದ ವಾರ ಹೇಳಿದ್ದು ಆಗಲಿಲ್ಲ, ಬೇಕಾದ ಮಾಹಿತಿ ಗುರುವಾರ ಸಿಕ್ಕಿತು, ಈ ಬುಧವಾರ ಮುಗಿಯುತ್ತದೆ.’ ಬರೆದದ್ದರ ಕೆಳಗೆ ಗೆರೆ ಎಳೆದು ಎದ್ದುಬಿಡಿ. ಮಲಗುವ ಹೊತ್ತಿಗೆ ಮತ್ತೆ ಯೋಚನೆ ಬಂದರೆ ಅದನ್ನು ಬರೆದಾಗಿದೆ ಎಂದು ನೆನಪಿಸಿಕೊಂಡರಾಯಿತು. ಬರೆಯದಿದ್ದದ್ದೇನಾದರೂ ಹೊಳೆದರೆ ಪಟ್ಟಿಗೆ ಸೇರಿಸಿ. ಬೇಯ್ಲರ್ ವಿಶ್ವವಿದ್ಯಾಲಯದ ಮೈಕೆಲ್ ಸ್ಕಲಿನ್ ಮತ್ತು ತಂಡ 57 ಯುವಜನರ ಮೇಲೆ ನಡೆಸಿ 2018ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಮಲಗುವ ಮುನ್ನ ಐದು ನಿಮಿಷ ಮುಂದಿನ ದಿನಗಳ ಕೆಲಸಗಳ ಪಟ್ಟಿ ಬರೆದವರು, ಮುಗಿದ ಕೆಲಸಗಳ ಬಗ್ಗೆ ಬರೆದವರಿಗಿಂತ ಸುಮಾರು 9 ನಿಮಿಷ ಬೇಗ ನಿದ್ದೆಹೋದರು. ಪಟ್ಟಿ ವಿವರವಾಗಿದ್ದಷ್ಟೂ ನಿದ್ದೆ ಬೇಗ ಬಂತು. ಸಣ್ಣ ಪ್ರಯೋಗವೇ ಸರಿ, ಆದರೆ ಮಾಡಿ ನೋಡಲು ಏನೂ ಖರ್ಚಿಲ್ಲ.

ಭಾನುವಾರ ಸಂಜೆ ಆಫೀಸಿನ ಇಮೇಲ್ ನೋಡಬೇಕೆ ಬೇಡವೆ ಎಂಬುದರಲ್ಲಿ ಭಿನ್ನಾಭಿಪ್ರಾಯವಿದೆ. ನೋಡದಿರುವುದೇ ಲೇಸು ಎಂಬುದು ನನ್ನ ಒಲವು, ಏಕೆಂದರೆ ಅಂದು ಕಾಣುವ ಸಮಸ್ಯೆಯನ್ನು ಬಗೆಹರಿಸಲು ಬೇಕಾದ ಜನರಾಗಲಿ ಕಡತಗಳಾಗಲಿ ಅಂದು ಕೈಗೆ ಸಿಗುವುದಿಲ್ಲ. ಜರ್ಮನ್ ಮನೋವಿಜ್ಞಾನಿ ಸಬೀನೆ ಸೊನ್ನೆನ್‌ಟಾಗ್ ಮತ್ತು ಷಾರ್ಲೊಟೆ ಫ್ರಿಟ್ಝ್ 2007ರಲ್ಲಿ, ಕೆಲಸದ ದಣಿವಿನಿಂದ ಚೇತರಿಸಿಕೊಳ್ಳಲು ನೆರವಾಗುವ ನಾಲ್ಕು ಅನುಭವಗಳನ್ನು ಗುರುತಿಸಿದರು: ಮನಸ್ಸು ಕೆಲಸದಿಂದ ಪೂರ್ತಿ ಬಿಡಿಸಿಕೊಳ್ಳುವುದು, ವಿಶ್ರಾಂತಿ, ಹೊಸದೊಂದನ್ನು ಕಲಿತು ಕೈವಶ ಮಾಡಿಕೊಳ್ಳುವುದು, ಸಮಯದ ಮೇಲೆ ತನ್ನದೇ ಹಿಡಿತ ಇರುವುದು. ‘ಒಂದೇ ಸಲ’ ಎಂದು ತೆರೆದ ಇಮೇಲ್ ಇವುಗಳಲ್ಲಿ ಮೊದಲನೆಯದನ್ನೂ ಕೊನೆಯದನ್ನೂ ಒಟ್ಟಿಗೆ ಕಸಿಯುತ್ತದೆ. ಆದರೆ ಏನು ಬಂದಿದೆಯೋ ಎಂಬ ಅನುಮಾನವೇ ಹೆಚ್ಚು ಹಿಂಸೆ ಕೊಡುವ ಸ್ವಭಾವದವರೂ ಇದ್ದಾರೆ. ಅವರು ಒಂದು ನಿಗದಿತ ಸಮಯದಲ್ಲಿ ಹತ್ತು ನಿಮಿಷ ನೋಡಿ, ಉತ್ತರಿಸದೆ, ಶುಕ್ರವಾರದ ಟಿಪ್ಪಣಿಗೆ ಬೇಕಿದ್ದರೆ ಒಂದು ಸಾಲು ಸೇರಿಸಿ ಮುಚ್ಚಿಬಿಡಲಿ.

ಆ ನಾಲ್ಕರಲ್ಲಿ ಮೂರನೆಯದನ್ನು ಜನ ಕಡೆಗಣಿಸುತ್ತಾರೆ. ಭಾನುವಾರವಿಡೀ ಸೋಫಾದಲ್ಲಿ ಒರಗಿ ಕಳೆದರೆ ಸಂಜೆಗೆ ವಿಶ್ರಾಂತಿಯ ತೃಪ್ತಿಗಿಂತ ದಿನ ವ್ಯರ್ಥವಾಯಿತೆಂಬ ಬೇಸರವೇ ಉಳಿಯುತ್ತದೆ. ಅಳುಕಿಗೆ ಆ ಬೇಸರವೂ ಕೂಡಿಕೊಳ್ಳುತ್ತದೆ. ಆದ್ದರಿಂದ ಗಮನ ಬೇಡುವ ಯಾವುದಾದರೊಂದು ಚಟುವಟಿಕೆಯನ್ನು, ಅದು ವಾದ್ಯವೋ ಆಟವೋ ತೋಟವೋ, ಅಳುಕು ಸಾಮಾನ್ಯವಾಗಿ ಬರುವ ಹೊತ್ತಿಗೇ ಇಟ್ಟುಕೊಳ್ಳಿ. ಬಟ್ಟೆ ಒಗೆಯುವುದು, ಬಿಲ್ ಕಟ್ಟುವುದು, ಮನೆ ಶುಚಿಮಾಡುವುದು ಇವೆಲ್ಲ ಶನಿವಾರ ಬೆಳಗ್ಗೆಯೇ ಮುಗಿಯಲಿ.

ಸೋಮವಾರ ಬೆಳಗ್ಗೆ

ಹೇಳಬೇಕಾದದ್ದು ಇಲ್ಲಿ ಹೆಚ್ಚಿಲ್ಲ. ಒತ್ತಡದ ಹೊತ್ತಿನಲ್ಲಿ ದೇಹ ಹೆಚ್ಚಾಗಿ ಸ್ರವಿಸುವ ಕಾರ್ಟಿಸಾಲ್ ಹಾರ್ಮೋನಿನ ಮಟ್ಟ ಎಚ್ಚರವಾದ ನಂತರದ 30ರಿಂದ 45 ನಿಮಿಷಗಳಲ್ಲಿ ಸಹಜವಾಗಿಯೇ ಏರುತ್ತದೆ, ರಜಾದಿನಗಳಿಗಿಂತ ಕೆಲಸದ ದಿನಗಳಲ್ಲಿ ಇನ್ನಷ್ಟು. ಹಾಸಿಗೆಯಲ್ಲಿ ಕಣ್ಣು ಬಿಟ್ಟಾಗಿನ ಎದೆಬಡಿತವನ್ನು ಇಡೀ ದಿನದ ಮುನ್ಸೂಚನೆ ಎಂದು ಓದಬೇಕಾಗಿಲ್ಲ. ಕೆಲಸದ ಜಾಗಕ್ಕೆ ಬಂದಮೇಲೆ ಇಮೇಲ್ ತೆರೆಯುವ ಮೊದಲೇ ಶುಕ್ರವಾರದ ಟಿಪ್ಪಣಿಯ ಮೊದಲ ಸಾಲನ್ನು ಮಾಡಿ ಮುಗಿಸಿ. ಇಮೇಲ್‌ನಿಂದ ಆರಂಭಿಸಿದವರ ದಿನ ಇತರರ ಬೇಡಿಕೆಗಳಿಂದ ಆರಂಭವಾಗುತ್ತದೆ. ‘ಕುರ್ಚಿಯಲ್ಲಿ ಕುಳಿತ ಕೂಡಲೇ ಕೋಷ್ಟಕ ತೆರೆಯುತ್ತೇನೆ’ ಎಂಬಂತೆ ಸಂದರ್ಭವನ್ನೂ ಕ್ರಿಯೆಯನ್ನೂ ಜೋಡಿಸಿ ನಿಶ್ಚಯಿಸಿಕೊಂಡರೆ ಅದು ನಡೆಯುವ ಸಂಭವ ಹೆಚ್ಚು ಎಂಬುದನ್ನು ಪೀಟರ್ ಗೋಲ್ವಿಟ್ಸರ್ ಅವರ ಸಂಶೋಧನೆ ತೋರಿಸಿದೆ. ತುರ್ತು ಕರೆಗಳೇ ಕೆಲಸವಾಗಿರುವವರಿಗೆ ಈ ಸಲಹೆ ಹೊಂದುವುದಿಲ್ಲ. ಅವರಿಗೆ ಹತ್ತು ನಿಮಿಷ ಮೊದಲೇ ತಲುಪುವುದೊಂದೇ ದಾರಿ.

ಅಂಕ ಇಳಿಯದಿದ್ದರೆ

ಇಷ್ಟಾದರೂ ಸೋಮವಾರ ಮಧ್ಯಾಹ್ನದ ಅಂಕ ಭಾನುವಾರದಷ್ಟೇ ಇದ್ದರೆ, ಇನ್ನಷ್ಟು ಟಿಪ್ಪಣಿಗಳಿಂದ ಪ್ರಯೋಜನವಿಲ್ಲ. ಕೆಲಸ ಅತಿಯಾಗಿದೆಯೇ, ಏನು ಮಾಡಬೇಕೆಂಬುದೇ ಅಸ್ಪಷ್ಟವಾಗಿದೆಯೇ, ಒಬ್ಬ ವ್ಯಕ್ತಿಯ ವರ್ತನೆ ಕಾರಣವೇ, ಅಥವಾ ಮಾಡುತ್ತಿರುವ ಕೆಲಸದಲ್ಲೇ ನಂಬಿಕೆ ಹೋಗಿದೆಯೇ ಎಂದು ಬೇರ್ಪಡಿಸಿಕೊಳ್ಳಿ, ಏಕೆಂದರೆ ನಾಲ್ಕಕ್ಕೂ ಮದ್ದು ಒಂದೇ ಅಲ್ಲ. ಮೊದಲೆರಡನ್ನು ಮೇಲಧಿಕಾರಿಯ ಜೊತೆ ಮಾತಾಡಿ ಸರಿಪಡಿಸಿಕೊಳ್ಳುವ ಅವಕಾಶವಿದೆ. ‘ತುಂಬಾ ಒತ್ತಡವಾಗಿದೆ’ ಎಂದರೆ ಸಿಗುವುದು ಸಹಾನುಭೂತಿ ಮಾತ್ರ; ‘ಈ ವಾರ ಇರುವ ಐದು ಕೆಲಸಗಳಲ್ಲಿ ಮೂರನ್ನು ಮುಗಿಸಬಲ್ಲೆ, ಯಾವ ಮೂರು ಎಂದು ನೀವೇ ಹೇಳಿ’ ಎಂದು ಕೇಳಿದರೆ ಒಂದು ನಿರ್ಧಾರ ಸಿಗುವ ಸಾಧ್ಯತೆಯಿದೆ. ವ್ಯಕ್ತಿಯೇ ಕಾರಣವಾಗಿದ್ದರೆ ನಡೆದದ್ದನ್ನು ದಿನಾಂಕ, ಸಮಯ, ಆಡಿದ ಮಾತುಗಳ ಸಮೇತ ಅಂದಂದೇ ಬರೆದಿಡುವುದು ಮುಂದಿನ ಯಾವುದೇ ಹೆಜ್ಜೆಗೆ ಅಗತ್ಯ. ನಂಬಿಕೆಯೇ ಹೋಗಿದ್ದರೆ ಬೇರೆ ಕೆಲಸ ಹುಡುಕುವುದು ಸೋಲಲ್ಲ. ಆದರೆ ರಾಜೀನಾಮೆಯ ಪತ್ರವನ್ನು ಭಾನುವಾರ ರಾತ್ರಿ ಬರೆಯಬಾರದು, ಬರೆಯುವುದಾದರೆ ಬುಧವಾರ ಬರೆಯಿರಿ.

ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ, ನಿಭಾಯಿಸಲಾಗದೆ ಉಳಿದ ಕೆಲಸದ ದೀರ್ಘಕಾಲದ ಒತ್ತಡದಿಂದ ಉಂಟಾಗುವ ‘ಬರ್ನ್‌ಔಟ್’ ಅನ್ನು ಉದ್ಯೋಗಸಂಬಂಧಿ ಸ್ಥಿತಿಯೆಂದು ತನ್ನ ರೋಗವರ್ಗೀಕರಣದ 11ನೆಯ ಪರಿಷ್ಕರಣೆಯಲ್ಲಿ ವಿವರಿಸಿತು. ಶಕ್ತಿಯೆಲ್ಲ ಸೋರಿಹೋದಂಥ ದಣಿವು, ಕೆಲಸದ ಬಗ್ಗೆ ದೂರವಾದ ಅಥವಾ ಸಿನಿಕ ಭಾವ, ಕುಗ್ಗಿದ ಕಾರ್ಯಸಾಮರ್ಥ್ಯ ಎಂಬವು ಅದರ ಮೂರು ಲಕ್ಷಣಗಳು. ಅದನ್ನು ಸಂಸ್ಥೆ ಕಾಯಿಲೆಯೆಂದು ವರ್ಗೀಕರಿಸಿಲ್ಲ. ಆದರೆ ಅಳುಕು ಭಾನುವಾರವನ್ನು ದಾಟಿ ವಾರದ ಉಳಿದ ದಿನಗಳಿಗೂ ಹಬ್ಬಿದರೆ, ಕೆಲಸಕ್ಕೆ ಸಂಬಂಧವಿಲ್ಲದ ಸಂತೋಷಗಳೂ ಸಪ್ಪೆಯಾದರೆ, ವಾರಗಟ್ಟಲೆ ನಿದ್ದೆ ಅಥವಾ ಹಸಿವು ಕೆಟ್ಟರೆ, ಬೆಳಗ್ಗೆ ವಾಂತಿಯೋ ಎದೆ ಬಿಗಿತವೋ ಮರುಕಳಿಸಿದರೆ, ಅದನ್ನು ಸೋಮವಾರದ ಬೇಸರವೆಂದು ತಳ್ಳಿಹಾಕದೆ ವೈದ್ಯರನ್ನು ಕಾಣಬೇಕು. ಬದುಕೇ ಬೇಡವೆಂಬ ಯೋಚನೆ ಸುಳಿದರೆ ಭೇಟಿಯ ದಿನಕ್ಕಾಗಿ ಕಾಯದೆ ಆ ಕ್ಷಣವೇ ಹತ್ತಿರದವರಿಗೆ ತಿಳಿಸಿ, ತುರ್ತು ನೆರವು ಪಡೆಯಬೇಕು. ವೈದ್ಯರ ಬಳಿ ಹೋಗುವಾಗ ನೋಟ್‌ಬುಕ್ ಜೊತೆಗಿರಲಿ. ಎಷ್ಟು ವಾರಗಳಿಂದ, ಯಾವ ದಿನಗಳಲ್ಲಿ, ಎಷ್ಟು ತೀವ್ರವಾಗಿ, ಎಷ್ಟು ಗಂಟೆಗೆ ಮಲಗಿ ಎಷ್ಟಕ್ಕೆ ಏಳುತ್ತೀರಿ ಎಂದೇ ಅವರು ಮೊದಲು ಕೇಳುತ್ತಾರೆ.